ಹಾವಿನ ಮನೆಗೆ ಎಷ್ಟು ವಾಟ್?

ಎಂ.ಎಸ್. ಓದೋಕೆ ಮಿಷಿಗನ್‌ಗೆ ಬಂದವರು ನಾವಿಬ್ಬರು. ಒಬ್ಬ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್. ಕಡಿಮೆ ಬಾಡಿಗೆಯ ಮನೆ ಸಿಕ್ಕಿತು ಅಂತ ಖುಷಿಪಟ್ಟೆವು. ಆಮೇಲೆ ಗೊತ್ತಾಯಿತು, ಅಲ್ಲಿ ಮೂರನೆಯವನು ಒಬ್ಬ ಅಮೆರಿಕದ ಹುಡುಗ, ನಾಲ್ಕನೆಯದು ಅವನ ಏಳಡಿ ಉದ್ದದ ಬೋವಾ ಹಾವು! ನಮ್ಮ ಕಡೆಯ ‘ಎರಡು ತಲೆ ಹಾವಿ’ನ ದೂರದ ನೆಂಟ ಅನ್ನಿ. ಊರಿಗೆ ಫೋನ್ ಮಾಡಿದಾಗ ಎರಡೂ ಮನೆಯ ಅಮ್ಮಂದಿರದ್ದು ಒಂದೇ ಮಾತು: “ದೂರದಿಂದಲೇ ಕೈ ಮುಗಿದು ಬೇರೆ ಮನೆ ನೋಡ್ಕೊಳ್ರೋ.”

ನಾವು ಮನೆ ಬಿಡಲಿಲ್ಲ. ಹಾವಿಗೇ ಹೊಸ ಮನೆ ಕಟ್ಟಿದೆವು.

ಅದರ ಗಾಜಿನ ತೊಟ್ಟಿ ಚಿಕ್ಕದಾಗಿತ್ತು, ಚಳಿಗಾಲ ಹತ್ತಿರ ಬಂದಿತ್ತು. ಹಾವು ಶೀತರಕ್ತ ಪ್ರಾಣಿ. ಮೈಯ ಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳಲ್ಲ, ಸುತ್ತಲಿನಿಂದ ಪಡೆಯುತ್ತೆ. ಬಿಸಿ ಸಾಲದಿದ್ದರೆ ತಿಂದದ್ದು ಜೀರ್ಣವಾಗಲ್ಲ. ಹಾಗಂತ ಪೆಟ್ಟಿಗೆ ಪೂರ್ತಿ ಒಂದೇ ಬಿಸಿ ಇದ್ದರೂ ಆಗಲ್ಲ. ಒಂದು ತುದಿ 32 ಡಿಗ್ರಿ, ಇನ್ನೊಂದು ತುದಿ 26 ಇದ್ದರೆ ಹಾವು ತನಗೆ ಬೇಕಾದ ಕಡೆ ಹರಿದು ಹೋಗುತ್ತೆ.

6×2×2 ಅಡಿಯ ಪ್ಲೈವುಡ್ ಪೆಟ್ಟಿಗೆ, ಮುಂದೆ ಸರಿಯುವ ಗಾಜು. ಒಳಗಿನ ತೇವಕ್ಕೆ ಪ್ಲೈವುಡ್ ಉಬ್ಬದಿರಲಿ ಅಂತ ವಾರ್ನಿಷ್ ಹೊಡೆದು, ವಾಸನೆ ಪೂರ್ತಿ ಹೋಗೋವರೆಗೆ ಒಣಗಿಸಿದೆವು. ಹೊರಗಿನಿಂದ ಐದೂ ಬದಿಗೆ ಒಂದು ಇಂಚಿನ ಫೋಮ್ ಹಾಳೆ. ಫೋಮ್ ಒಳಗಿದ್ದರೆ ಹಾವು ಕಿತ್ತು ಹಾಕೀತು.

ಆಮೇಲೆ ಬಂತು ಲೆಕ್ಕ. ನಾಲ್ಕನೇ ಸೆಮಿಸ್ಟರ್‌ನ ಹೀಟ್ ಟ್ರಾನ್ಸ್‌ಫರ್ ಇಷ್ಟು ಬೇಗ ಕೆಲಸಕ್ಕೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು! ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಸುಮಾರು 8 ವಾಟ್ ಸೋರಿಹೋಗುತ್ತೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಗಾಜಿನಿಂದಲೇ. ಚಳಿಗಾಲದಲ್ಲಿ ರೂಮು 18 ಡಿಗ್ರಿ, ಪೆಟ್ಟಿಗೆಯ ಸರಾಸರಿ 28 ಬೇಕು. ಅಂದ್ರೆ 80 ವಾಟ್ ಸಾಕು.

ಮನೆಯ ಹುಡುಗ ಒಪ್ಪಲಿಲ್ಲ. ಜೀವದ ವಿಷಯ, ಜಾಸ್ತಿನೇ ಇರಲಿ, 250 ವಾಟ್ ಹಾಕೋಣ ಅಂದ. ಕಾಲೇಜಲ್ಲಿ ನಾವೂ ಕಲಿತದ್ದು ಅದೇ ತಾನೆ? ತೊಲೆ ಎರಡರಷ್ಟು ಗಟ್ಟಿ ಇದ್ದರೆ ಎರಡರಷ್ಟು ಕ್ಷೇಮ. ಆದರೆ ಹೀಟರ್ ತೊಲೆಯಲ್ಲ. ಥರ್ಮೋಸ್ಟಾಟ್ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡಿತು ಅಥವಾ ಸೆನ್ಸರ್ ತಣ್ಣಗಿನ ಮೂಲೆಗೆ ಜಾರಿತು ಅಂದುಕೊಳ್ಳಿ. ಹೀಟರ್ ಆಫ್ ಆಗೋದೇ ಇಲ್ಲ. ಬೇಸಿಗೆಯ 26 ಡಿಗ್ರಿ ರೂಮಿನಲ್ಲಿ 250 ವಾಟ್ ಪೆಟ್ಟಿಗೆಯನ್ನು 57 ಡಿಗ್ರಿಗೆ ಒಯ್ಯುತ್ತೆ, ಹಾವು ಬೆಂದುಹೋಗುತ್ತೆ. 80 ವಾಟ್ ಆದರೆ 36ಕ್ಕೇ ನಿಲ್ಲುತ್ತೆ. ಹಾವಿಗೆ ಹಿಂಸೆಯೇ, ಆದರೆ ನಾವು ನೋಡಿ ಸ್ವಿಚ್ ತೆಗೆಯೋಕೆ ಸಮಯ ಇರುತ್ತೆ. ಚಳಿ ಗಂಟೆಗಟ್ಟಲೆ ಕಾಯುತ್ತೆ, ಬಿಸಿ ಕಾಯಲ್ಲ.

ಹಾಗಾಗಿ ಚಾವಣಿಯ ಒಂದು ತುದಿಗೆ 80 ವಾಟಿನ ಹೀಟ್ ಪ್ಯಾನೆಲ್ ಕೂತಿತು. ಬರಿಯ ಬಲ್ಬ್ ಹಾಕಿದರೆ ಹಾವು ಅದಕ್ಕೇ ಸುತ್ತಿಕೊಂಡು ಚರ್ಮ ಸುಟ್ಟುಕೊಳ್ಳುತ್ತೆ. ಜೊತೆಗೆ ಸರಣಿಯಲ್ಲಿ ಎರಡನೇ ಥರ್ಮೋಸ್ಟಾಟ್: ಮೊದಲನೆಯದು ಕೈಕೊಟ್ಟರೆ 35ಕ್ಕೆ ಇದು ಕರೆಂಟ್ ಕಡಿಯುತ್ತೆ.

ಜನವರಿಯ ಹಿಮಗಾಳಿಗೆ ಒಂದು ರಾತ್ರಿ ಐದು ಗಂಟೆ ಕರೆಂಟ್ ಹೋಯಿತು. ಫೋಮಿನ ನಿಜವಾದ ಬೆಲೆ ಆಗ ತಿಳಿಯಿತು. ಗಾಜಿನ ಮೇಲೆ ರಜಾಯಿ ಹೊದಿಸಿ, ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ, ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಒಳಗಿಟ್ಟೆವು. ಟಾರ್ಚ್ ಹಿಡಿದು ಮೂವರೂ ಥರ್ಮಾಮೀಟರ್ ಕಾದೆವು. ಕರೆಂಟ್ ಬಂದಾಗ ಒಳಗೆ 23 ಡಿಗ್ರಿ. ಹಾವು ಬಾಟಲಿಯ ಪಕ್ಕ ಸುರುಳಿ ಸುತ್ತಿಕೊಂಡು ಆರಾಮಾಗಿತ್ತು. ನಮಗೆ ಮಾತ್ರ ನಿದ್ದೆ ಇಲ್ಲ.

ಇದನ್ನ ಓದಿ ಹಾಸ್ಟೆಲ್‌ನಲ್ಲಿ ಹಾವು ಸಾಕೋಕೆ ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಹೆಬ್ಬಾವನ್ನು ಹಿಡಿದಿಡೋದು ಅಪರಾಧ, ವಿದೇಶಿ ಜಾತಿಗಳಿಗೂ ನೋಂದಣಿಯ ನಿಯಮಗಳಿವೆ. ಮಿನಿ ಪ್ರಾಜೆಕ್ಟ್‌ಗೆ ಬೇಕಾದ್ರೆ ಪೆಟ್ಟಿಗೆಯನ್ನಷ್ಟೇ ಮಾಡಿ. ಹಾವಿನ ಜಾಗದಲ್ಲಿ ನೀರಿನ ಕ್ಯಾನ್ ಇಡಿ. ಥರ್ಮೋಸ್ಟಾಟ್ ತೆಗೆದು, ಪಕ್ಕದಲ್ಲೇ ಕೂತು, ಬಿಸಿ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಳೆದು ನೋಡಿ. ಎಷ್ಟು ವಾಟ್ ಬೇಕು ಅನ್ನೋದು ಆಗ ಗೊತ್ತಾಗುತ್ತೆ.