ಮುಂಚಕ್ರದ ಲೆಕ್ಕ

ಜನವರಿ 5, 2025, ಭಾನುವಾರ
ಕೆ.ಆರ್. ಪುರ

ಫೆಬ್ರವರಿಯ ಟ್ರ್ಯಾಕ್ ಡೇಗೆ ಹಣ ಕಟ್ಟಿದೆ. ಜಾಗ ಇರುಂಗಾಟ್ಟುಕೋಟೈ. ಈಗ ಅದಕ್ಕೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು. ಬೆಂಗಳೂರಿನ ಹಳೇ ರೈಡರ್‌ಗಳ ಬಾಯಲ್ಲಿ ಇನ್ನೂ ಎಂಎಂಆರ್‌ಟಿ. 3.7 ಕಿಲೋಮೀಟರ್ ಸುತ್ತು, 12 ತಿರುವು. ಹೋಗುವ ಮುಂಚೆ ನಿಂಜಾ 300ರ ಮುಂದಿನ ಶಾಕ್ಸ್ ಕೆಲಸ ಮುಗಿಯಬೇಕು.

ಹಿಂದಿನ ಸಲ ಅಲ್ಲಿ ಓಡಿಸಿದಾಗ ಎರಡು ತೊಂದರೆ ಕಂಡಿದ್ದವು. ಜೋರಾಗಿ ಬ್ರೇಕ್ ಹಿಡಿದರೆ ಬೈಕಿನ ಮೂತಿ ಒಂದೇ ಏಟಿಗೆ ಕೆಳಗಿಳಿಯುತ್ತದೆ. ಇಳಿದ ಮೇಲೆ ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೂ ಮಣಿಕಟ್ಟಿನ ತನಕ ಬಡಿಯುತ್ತದೆ. ಒಂದೇ ಶಾಕ್ಸ್ ಇಷ್ಟು ಮೆತ್ತಗೂ ಇಷ್ಟು ಒರಟೂ ಆಗುವುದು ಹೇಗೆ ಅಂತ ಅಪ್ಪ ಕೇಳಿದರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. 37 ಮಿ.ಮೀ. ಪೈಪಿನ ಒಳಗೆ ಒಂದು ಡ್ಯಾಂಪರ್ ರಾಡ್, ಅದರಲ್ಲಿ ಕೆಲವು ತೂತು, ಸುತ್ತ ಆಯಿಲ್. ತೂತಿನ ಅಳತೆ ಬದಲಾಗುವುದಿಲ್ಲ. ಅದರಲ್ಲಿ ಆಯಿಲ್ ನುಗ್ಗುವಾಗ ಹುಟ್ಟುವ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಬ್ರೇಕ್ ಹಿಡಿದಾಗ ಶಾಕ್ಸ್ ಇಳಿಯುವುದು ಉಬ್ಬಿನ ಹೊಡೆತಕ್ಕೆ ಹೋಲಿಸಿದರೆ ನಿಧಾನವಾಗಿ, ಆಗ ತಡೆಯೇ ಸಾಲದು. ಉಬ್ಬು ಹೊಡೆಯುವುದು ಕ್ಷಣಾರ್ಧದಲ್ಲಿ, ಆಗ ಆಯಿಲ್‌ಗೆ ಹೊರಬರಲು ದಾರಿ ಸಾಲದು. ಎರಡು ರೋಗಕ್ಕೂ ಮೂಲ ಒಂದೇ ತೂತು.

ಅಪ್ಪ ಬಹಳ ಹೊತ್ತು ಚಿತ್ರ ನೋಡಿದರು. "ಹಾಗಾದ್ರೆ ಆಯಿಲ್ ನುಗ್ಗಿದಂಗೆ ಬಾಯಿ ದೊಡ್ಡದಾಗೋ ವಾಲ್ವ್ ಬೇಕು" ಅಂದರು. ನಾನು ಕೊಳ್ಳಬೇಕೆಂದಿರುವ ಎಮ್ಯುಲೇಟರ್ ಅನ್ನುವ ಸಾಮಾನು ಅದೇ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಲ್ಲಿ ಟರ್ನರ್ ಆಗಿದ್ದವರಿಗೆ ಅಷ್ಟು ಹೊಳೆಯದೆ ಇರುತ್ತದೆಯೇ.

ಜನವರಿ 11, ಶನಿವಾರ

ಶಿವಾಜಿನಗರದ ಗುಜರಿ ಸಾಲಿಗೆ ಹೋಗಿದ್ದೆ. ಆಯಿಲ್ ಸೀಲ್, ಡಸ್ಟ್ ಸೀಲ್, ಫೋರ್ಕ್ ಆಯಿಲ್ ಬೇಕಿತ್ತು. ಅಂಗಡಿಯ ಭಾಯ್ ಒಳಗಿಂದ ಒಂದು ಜೊತೆ ಉಲ್ಟಾ ಶಾಕ್ಸ್ ತಂದು ಮುಂದಿಟ್ಟರು. "ಇದನ್ನ ಹಾಕಿ ನೋಡಿ, ಗಾಡಿ ಲುಕ್ಕೇ ಬೇರೆ ಆಗೋಗ್ತದೆ."

ಉಲ್ಟಾ ಶಾಕ್ಸ್ ಒಳ್ಳೆಯದೇ. ದಪ್ಪ ಕೊಳವೆಯನ್ನು ಮೇಲೆ ಹಿಡಿದಿರುವುದರಿಂದ ಬ್ರೇಕಿನ ಭಾರಕ್ಕೆ ಬಾಗುವುದು ಕಡಿಮೆ. ಆದರೆ ಹೊರಗಿನ ಬಣ್ಣ ನೋಡಿ ಒಳಗಿನ ವಾಲ್ವ್ ಗೊತ್ತಾಗುವುದಿಲ್ಲ. ಯಾವ ತೂಕದ ಬೈಕಿಗೆ ಮಾಡಿದ ಸ್ಪ್ರಿಂಗೋ, ಯಾವ ಅಪಘಾತದಲ್ಲಿ ಬಾಗಿದ ಪೈಪೋ. ಅದನ್ನು ಕೂರಿಸಲು ಸ್ಟೆಮ್, ಚಕ್ರ, ಬ್ರೇಕ್ ಎಲ್ಲ ಬದಲಾಗಬೇಕು. ಹಾಗೆ ಮಾಡಿದರೆ ಹ್ಯಾಂಡಲಿನ ಜ್ಯಾಮಿತಿಯೇ ಹೊಸದಾಗುತ್ತದೆ. ನಮ್ಮ ಪಕ್ಕದ ಹೊಸೂರಿನ ಟಿವಿಎಸ್ ಅಪಾಚೆ ಆರ್‌ಆರ್ 310 ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೊದಲಿಂದಲೂ ಅದರಲ್ಲಿದ್ದದ್ದು 41 ಮಿ.ಮೀ. ಉಲ್ಟಾ ಶಾಕ್ಸೇ. ಹಾಗಿದ್ದೂ 2021ರಲ್ಲಿ ಪ್ರಿಲೋಡ್ (ಸ್ಪ್ರಿಂಗಿಗೆ ಮೊದಲೇ ಕೊಡುವ ಒತ್ತು), ಕಂಪ್ರೆಷನ್ (ಇಳಿಯುವಾಗಿನ ತಡೆ), ರಿಬೌಂಡ್ (ಮೇಲೇಳುವಾಗಿನ ತಡೆ) ಮೂರನ್ನೂ ತಿರುಗಿಸಿ ಹೊಂದಿಸುವ ಕಿಟ್ ಅನ್ನು ಬೇರೆಯಾಗಿಯೇ ಕೊಟ್ಟರು. ಉಲ್ಟಾ ಆದ ಮಾತ್ರಕ್ಕೆ ಸವಾರನಿಗೆ ಹೊಂದುವುದಿಲ್ಲ.

ಭಾಯ್‌ಗೆ ನನ್ನ ಲೆಕ್ಕ ಹೇಳಿದೆ: ಇರುವ ಪೈಪೇ ಇರಲಿ, ಒಳಗೆ ಹೊಸ ಸ್ಪ್ರಿಂಗ್, ಮೇಲೆ ಎಮ್ಯುಲೇಟರ್. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸೀಲ್ ಕೊಡುವಾಗ, ಪೈಪಿನ ಮೇಲೆ ಎಲ್ಲಿ ತುಕ್ಕಿನ ಚುಕ್ಕೆ ಇದ್ದರೂ ಉಗುರಾಡಿಸಿ ನೋಡಿ, ಇಲ್ಲದಿದ್ದರೆ ಹೊಸ ಸೀಲೂ ವಾರದಲ್ಲಿ ಹರಿಯುತ್ತದೆ ಅಂತ ತಾವಾಗಿ ಎಚ್ಚರಿಸಿದರು. ಉಸ್ತಾದರ ಮಾತು.

ಜನವರಿ 12, ಭಾನುವಾರ

ಬಿಚ್ಚುವ ಮುಂಚೆ ಅಳತೆ. ನಾನು ಟ್ರ್ಯಾಕಿನ ಬಟ್ಟೆ, ಬೂಟು, ಹೆಲ್ಮೆಟ್ ಎಲ್ಲ ಹಾಕಿ ಕೂತೆ. ತಮ್ಮ ಹಿಂದೆ ಬೈಕ್ ಹಿಡಿದ. ಅಪ್ಪ ಟೇಪು, ಪುಸ್ತಕ ಹಿಡಿದರು. ಸೀಲಿನಿಂದ ಕೆಳಗಿನ ಕ್ಲ್ಯಾಂಪಿನವರೆಗೆ ಪೈಪ್ ಎಷ್ಟು ಕಾಣುತ್ತದೆ ಅನ್ನುವುದೇ ಲೆಕ್ಕ.

ಮುಂಚಕ್ರ ಗಾಳಿಯಲ್ಲಿ: 178 ಮಿ.ಮೀ.
ನಾನು ಕೂತು, ಕೆಳಗೊತ್ತಿ ಮೆಲ್ಲಗೆ ಬಿಟ್ಟಾಗ: 131
ಮೇಲೆತ್ತಿ ಮೆಲ್ಲಗೆ ಇಳಿಸಿದಾಗ: 137

ಕೊನೆಯ ಎರಡರ ಸರಾಸರಿ 134. ಅಂದರೆ ನನ್ನ ಭಾರಕ್ಕೇ ಶಾಕ್ಸ್ 44 ಮಿ.ಮೀ. ಕೂರುತ್ತದೆ. ಇದೇ ಸ್ಯಾಗ್. ಒಟ್ಟು ಚಲನೆ ಇರುವುದು 120 ಮಿ.ಮೀ.; ಬ್ರೇಕ್ ಮುಟ್ಟುವ ಮೊದಲೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ. ಟ್ರ್ಯಾಕಿಗೆ 30ರಿಂದ 35 ಸಾಕು. 131ಕ್ಕೂ 137ಕ್ಕೂ ನಡುವಿನ 6 ಮಿ.ಮೀ. ಒಳಗಿನ ತಿಕ್ಕಾಟದ ಗುರುತು. ಅದು ಎಷ್ಟು ಕಡಿಮೆಯೋ ಟೈರು ಅಷ್ಟು ಚೆನ್ನಾಗಿ ನೆಲ ಹಿಡಿಯುತ್ತದೆ.

ಕಾರ್ಖಾನೆಯವರು ಕೆಟ್ಟದಾಗಿ ಮಾಡಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರದ ಗುಂಡಿ, ಹಳೇ ಮದ್ರಾಸ್ ರಸ್ತೆಯ ಹಂಪು, ಹಿಂದೆ ಕೂತ ಇನ್ನೊಬ್ಬರು, ಇವನ್ನೆಲ್ಲ ನೆನೆದು ಮಾಡಿದ ಶಾಕ್ಸ್ ಇದು. ಆ ಕೆಲಸಕ್ಕೆ ಇದು ಸರಿಯಾಗಿಯೇ ಇದೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಎಳ್ಳು ಬೀರಿ ಬರುವಷ್ಟರಲ್ಲಿ ಅಪ್ಪ, ಸ್ಪ್ರಿಂಗಿನ ಮೇಲೆ ಕೂರುವ ಸ್ಪೇಸರಿನ ನಕ್ಷೆ ಬರೆದಿಟ್ಟಿದ್ದರು. ಹೊಸ ಸ್ಪ್ರಿಂಗ್ 0.90 ಕೆ.ಜಿ./ಮಿ.ಮೀ.; ಎರಡು ಕಾಲಿನದು ಸೇರಿದರೆ 1.80. ಪ್ರಿಲೋಡ್ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬಿಗಿದರೆ ಬೈಕು ನಿಲ್ಲುವ ಎತ್ತರ ಬದಲಾಗುತ್ತದೆ. ಪ್ರತಿ ಮಿಲಿಮೀಟರಿಗೆ ಅದು ಹೊರುವ ಭಾರ ಅಷ್ಟೇ ಇರುತ್ತದೆ. ಭಾರಕ್ಕೆ ಸ್ಪ್ರಿಂಗ್ ಆರಿಸಬೇಕು, ಎತ್ತರಕ್ಕೆ ಸ್ಪೇಸರ್ ಕತ್ತರಿಸಬೇಕು.

ಅಪ್ಪ ತಮ್ಮ ಯೆಜ್ಡಿಯ ಫೋರ್ಕ್ ಆಯಿಲ್ ತಾವೇ ಬದಲಿಸುತ್ತಿದ್ದ ದಿನಗಳನ್ನು ನೆನೆದರು. ಆಯಿಲಿನಿಂದ ತಡೆಯುವ ಟೆಲಿಸ್ಕೋಪಿಕ್ ಫೋರ್ಕನ್ನು ಬಿಎಂಡಬ್ಲ್ಯು 1935ರಲ್ಲೇ ಆರ್12 ಬೈಕಿಗೆ ಹಾಕಿ ಮಾರಿತ್ತು ಅಂತ ನಾನು ಅಂದಾಗ, "ತೊಂಬತ್ತು ವರ್ಷ ಆದ್ರೂ ಕೊಳವೆ, ಸ್ಪ್ರಿಂಗು, ಆಯಿಲ್, ಮೂರೇ" ಅಂತ ಖುಷಿಪಟ್ಟರು.

ಜನವರಿ 18, ಶನಿವಾರ

ಹಲಸೂರಿನಲ್ಲಿ ಅಪ್ಪನ ಸ್ನೇಹಿತರ ಲೇತ್ ಶಾಪು. ಮೊದಲು ಫೋರ್ಕ್ ಪೈಪ್‌ಗಳನ್ನು ವಿ-ಬ್ಲಾಕಿನ ಮೇಲಿಟ್ಟು, ಡಯಲ್ ಗೇಜ್ ಹಚ್ಚಿ ತಿರುಗಿಸಿದರು. ಎರಡೂ ನೇರ. ಆಮೇಲೆ ಡ್ಯಾಂಪರ್ ರಾಡಿನ ಕೆಳಗಿನ ತೂತುಗಳನ್ನು 8 ಮಿ.ಮೀ.ಗೆ ದೊಡ್ಡದು ಮಾಡಿ, ಹೊಸ ತೂತೂ ಕೊರೆದು, ಅಂಚಿನ ಬರ್ ತೆಗೆದರು. ಅಲ್ಲಿ ಆಯಿಲ್ ಸಲೀಸಾಗಿ ಹರಿದರೇನೇ ತಡೆಯುವ ಕೆಲಸ ಮೇಲೆ ಕೂತ ಎಮ್ಯುಲೇಟರಿಗೆ ಬರುವುದು. ರಿಬೌಂಡಿನ ತೂತು ಮುಟ್ಟಲಿಲ್ಲ. ಶಾಕ್ಸ್ ಮೇಲೇಳುವ ವೇಗವನ್ನು ಇನ್ನು ಮುಂದೆ ಆಯಿಲಿನ ಮಂದವೇ ನಿರ್ಧರಿಸಬೇಕು.

ಅಲ್ಯುಮಿನಿಯಂ ಸ್ಪೇಸರನ್ನು ಅಪ್ಪ ತಾವೇ ತಿರುಗಿಸಿದರು. ವರ್ನಿಯರ್ ಹಿಡಿದ ಕೈ ಅಲುಗಲಿಲ್ಲ. ಬೆಂಗಳೂರಿನ ಈ ಪೂರ್ವ ಭಾಗ ಐಟಿಐ, ಎನ್‌ಜಿಇಎಫ್, ಎಚ್‌ಎಎಲ್‌ ಅಂತ ಅಳತೆಯ ಮೇಲೆಯೇ ಬದುಕಿದ ಜಾಗ. ಆ ವಿದ್ಯೆ ಇನ್ನೂ ಇಂಥ ಸಣ್ಣ ಶಾಪುಗಳಲ್ಲಿದೆ. ಲಕ್ಷಗಟ್ಟಲೆ ಖರ್ಚು ಮಾಡುವ ನಮ್ಮ ಹುಡುಗರು ಇವರನ್ನು ಹುಡುಕಿಕೊಂಡು ಬರಬೇಕು.

ಜನವರಿ 19, ಭಾನುವಾರ

ಜೋಡಣೆ. ಎಮ್ಯುಲೇಟರಿನ ವಾಲ್ವ್ ಸ್ಪ್ರಿಂಗಿಗೆ ಎರಡು ಸುತ್ತು ಬಿಗಿತ. ಆಯಿಲ್ ಸುರಿದು, ಗಾಳಿ ಗುಳ್ಳೆ ಹೋಗುವವರೆಗೆ ಪೈಪನ್ನು ಮೇಲೆ ಕೆಳಗೆ ಆಡಿಸಿದೆ. ಸ್ಪ್ರಿಂಗ್ ಹೊರಗೆ, ಪೈಪ್ ಪೂರ್ತಿ ಒಳಗೆ; ಹಾಗಿಟ್ಟು ಮೇಲಿನ ಅಂಚಿನಿಂದ ಆಯಿಲ್ ಮಟ್ಟ 130 ಮಿ.ಮೀ., ಎರಡು ಕಾಲಿಗೂ ಒಂದೇ. ಮೇಲಿರುವ ಗಾಳಿಯೂ ಒಂದು ಸ್ಪ್ರಿಂಗೇ. ಆಯಿಲ್ ಹೆಚ್ಚಿಸಿದಷ್ಟೂ ಗಾಳಿಯ ಜಾಗ ಕಿರಿದಾಗಿ, ಇಳಿತದ ಕೊನೆಯಲ್ಲಿ ಶಾಕ್ಸ್ ಗಟ್ಟಿಯಾಗುತ್ತದೆ.

ಆಕ್ಸಲ್ ಬಿಗಿದ ಮೇಲೆ, ಪಕ್ಕದ ಪಿಂಚ್ ಬೋಲ್ಟ್ ಸಡಿಲವಿಟ್ಟು ಶಾಕ್ಸನ್ನು ಚೆನ್ನಾಗಿ ಒತ್ತಿ ಬಿಟ್ಟೆ. ಎರಡು ಕಾಲೂ ತಮ್ಮ ಜಾಗ ಕಂಡುಕೊಂಡ ಮೇಲೆ ಆ ಬೋಲ್ಟ್ ಬಿಗಿತ.

ಹೊಸ ಲೆಕ್ಕ: 178, 144, 148. ಸ್ಯಾಗ್ 32. ತಿಕ್ಕಾಟ 4ಕ್ಕೆ ಇಳಿದಿದೆ.

ಜನವರಿ 26, ಭಾನುವಾರ

ಸೀಲು ಸೋರುತ್ತದೆಯೇ ನೋಡಲು ಬೆಳಗ್ಗೆಯೇ ಹಲಸೂರು ಕೆರೆಯವರೆಗೆ ಹೋಗಿ ಬಂದೆ. ಸೋರಿಕೆ ಇಲ್ಲ. ಕೂತು ನಿಧಾನವಾಗಿ ಹೋದರೆ ಬಿಗಿ ಗೊತ್ತಾಗುತ್ತದೆ. ಮುರಿದ ಟಾರಿನ ಮೇಲೆ ಚಕ್ರ ಕೆಳಗಿಳಿದು ಗುಂಡಿ ತುಂಬಲು ಮೊದಲಿನಷ್ಟು ಜಾಗವಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ಕೇಳಿದ: "ಅಣ್ಣಾ, ನನ್ನ ಗಾಡಿಗೂ ಇದೇ ಸೆಟ್ಟಿಂಗ್ ಮಾಡ್ಕೊಡಿ, ರಾತ್ರಿ ಹೊಸಕೋಟೆ ಹೈವೇಲಿ ಒಂದ್ ಕೈ ನೋಡ್ತೀನಿ." ಆಗುವುದಿಲ್ಲ ಅಂದೆ. ಆ ರಸ್ತೆಯಲ್ಲಿ ಲಾರಿ ನಿಂತಿರುತ್ತದೆ, ನಾಯಿ ಅಡ್ಡ ಬರುತ್ತದೆ, ಜನ ದಾಟುತ್ತಾರೆ. ಅಲ್ಲಿ ವೇಗಕ್ಕೆ ಒಪ್ಪುವ ಸೆಟ್ಟಿಂಗ್ ಅಂತ ಒಂದಿಲ್ಲ. ಬೇಕಾದರೆ ಟ್ರ್ಯಾಕಿಗೆ ಬಾ, ಪಿಕಪ್‌ನಲ್ಲಿ ಜಾಗ ಕೊಡುತ್ತೇನೆ ಅಂದೆ. ಇವತ್ತಿಗೆ ನಂಬರ್ ಪ್ಲೇಟ್ ಬಿಚ್ಚಿಟ್ಟೆ. ಈ ಬೈಕು ಇನ್ನು ರಸ್ತೆಗಿಳಿಯುವುದಿಲ್ಲ.

ಫೆಬ್ರವರಿ 16, ಭಾನುವಾರ
ಇರುಂಗಾಟ್ಟುಕೋಟೈ

ನಿನ್ನೆ ಕೆ.ಆರ್. ಪುರದ ತೂಗುಸೇತುವೆ ದಾಟಿ ಹೊಸಕೋಟೆ, ಕೋಲಾರ, ಮುಳಬಾಗಿಲು, ಚಿತ್ತೂರಿನ ದಾರಿಯಲ್ಲಿ ಬಂದೆವು. ಆ ಹುಡುಗನೂ ಬಂದಿದ್ದಾನೆ.

ಮೊದಲ ಸುತ್ತಾಟಕ್ಕೆ ಏನನ್ನೂ ಮುಟ್ಟಲಿಲ್ಲ. ಪೈಪಿಗೆ ಒಂದು ಕೇಬಲ್ ಟೈ ಕಟ್ಟಿದ್ದೆ. ಶಾಕ್ಸ್ ಎಲ್ಲಿಯವರೆಗೆ ಇಳಿದಿತ್ತೆಂದು ಅದು ನಿಂತ ಜಾಗ ಹೇಳುತ್ತದೆ. ಬ್ರೇಕ್ ಗಟ್ಟಿಯಾಗಿ ಹಿಡಿಯತೊಡಗಿದ ಮೇಲೆ ಕೊನೆಗೆ ಉಳಿದದ್ದು 10 ಮಿ.ಮೀ. ಅಷ್ಟು ಉಳಿಯಬೇಕು, ಬ್ರೇಕಿನ ತುದಿಯಲ್ಲಿ ಉಬ್ಬು ಸಿಕ್ಕರೆ ಆ ಹತ್ತೇ ಗತಿ. ಕುಸಿತ ಹೋಗಿದೆ. ಸಿ-ವನ್ ಅನ್ನುವ ವೇಗದ ಬಲತಿರುವಿನಲ್ಲಿ ಮುಂದಿನ ಟೈರಿನ ಮಾತು ಈಗ ಕೈಗೆ ಸ್ಪಷ್ಟವಾಗಿ ಕೇಳುತ್ತದೆ.

ಆದರೆ ಬೈಕು ಬಾಗಲು ಸೋಮಾರಿತನ ತೋರಿತು. ಕಾರಣ ಪುಸ್ತಕದಲ್ಲೇ ಇತ್ತು: ಸ್ಯಾಗ್ 44ರಿಂದ 32ಕ್ಕೆ ಬಂದದ್ದರಿಂದ ಮೂತಿ 12 ಮಿ.ಮೀ. ಮೇಲೆ ನಿಂತಿದೆ, ಫೋರ್ಕಿನ ಓರೆ ಹೆಚ್ಚಿದೆ. ಪೈಪ್‌ಗಳನ್ನು ಕ್ಲ್ಯಾಂಪಿನಲ್ಲಿ 5 ಮಿ.ಮೀ. ಮೇಲಕ್ಕೆ ಸರಿಸಿದೆ. ಅಷ್ಟೇ ಬದಲಾವಣೆ; ಟೈರಿನ ಗಾಳಿಯನ್ನೂ ಮುಟ್ಟಲಿಲ್ಲ. ಮುಂದಿನ ಸುತ್ತಾಟದಲ್ಲಿ ನೋಡಿದ ಕಡೆ ಬೈಕು ತಿರುಗಿತು. ಎರಡು ಒಟ್ಟಿಗೆ ಬದಲಿಸಿದ್ದರೆ ಯಾವುದರ ಪುಣ್ಯ ಅಂತ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಆಯಿಲ್ ತೆಳುವಾಯಿತು. ಬ್ರೇಕ್ ಬಿಟ್ಟೊಡನೆ ಮೂತಿ ಚಿಮ್ಮಿ ಮೇಲೇಳುತ್ತಿತ್ತು, ಬೈಕು ಗೆರೆ ಬಿಟ್ಟು ಹೊರಗೆ ಎಳೆಯುತ್ತಿತ್ತು. ಈ ಶಾಕ್ಸಿಗೆ ಹೊರಗಿಂದ ತಿರುಗಿಸುವ ರಿಬೌಂಡ್ ಸ್ಕ್ರೂ ಇಲ್ಲ. ಹಾಗಾಗಿ ಲಿವರನ್ನು ಬೆರಳಿನಿಂದ ಮೆಲ್ಲಗೆ ಬಿಡುತ್ತ, ಬೈಕು ಬಾಗಿದಷ್ಟೇ ಬ್ರೇಕ್ ಇಳಿಸುತ್ತ ಹೋದೆ. ಮೂತಿ ನಿಂತಲ್ಲಿ ನಿಂತಿತು. ಸಸ್ಪೆನ್ಷನ್ನಿನ ಒಂದು ಭಾಗ ಸವಾರನ ಬೆರಳಲ್ಲೂ ಇದೆ.

ಫೆಬ್ರವರಿ 18, ಮಂಗಳವಾರ
ಕೆ.ಆರ್. ಪುರ

ಮುಂದಿನ ಕೆಲಸ: ಸ್ವಲ್ಪ ಮಂದದ ಆಯಿಲ್. ಡಬ್ಬಿಯ ಮೇಲಿನ 10ಡಬ್ಲ್ಯು, 15ಡಬ್ಲ್ಯು ನಂಬುವಂತಿಲ್ಲ. ಒಂದು ಕಂಪನಿಯ 10 ಇನ್ನೊಂದರ 15ರ ಹತ್ತಿರ ಇರಬಹುದು. 40 ಡಿಗ್ರಿಯಲ್ಲಿ ಸೆಂಟಿಸ್ಟೋಕ್ ಎಷ್ಟು ಅಂತ ನೋಡಿ ಕೊಳ್ಳಬೇಕು. ಆಮೇಲೆ ಹಿಂದಿನ ಶಾಕಿನ ಸ್ಯಾಗ್.

ಸಂಜೆ ಆ ಹುಡುಗ ತನ್ನ ಗಾಡಿ ತಂದ. ಏನು ಹಾಕಿಸಬೇಕು ಅಂತ ಕೇಳಲಿಲ್ಲ, ಅಪ್ಪನ ಹತ್ತಿರ ಟೇಪು ಕೇಳಿದ. ಮೂರು ಅಳತೆ ತೆಗೆದು ಬರೆದುಕೊಟ್ಟೆವು. ಅವನ ಭಾರ ಬೇರೆ, ಗಾಡಿ ಬೇರೆ. ನನ್ನ ಸಂಖ್ಯೆಗಳು ಅವನಿಗೆ ಉಪಯೋಗವಿಲ್ಲ, ಅಳೆಯುವ ಕ್ರಮ ಉಪಯೋಗಕ್ಕೆ ಬರುತ್ತದೆ. ಸ್ಪ್ರಿಂಗ್ ಯಾವುದೆಂದು ಶನಿವಾರ ಕೂತು ಲೆಕ್ಕ ಹಾಕುತ್ತೇವೆ.