ಡೈರಿಗೆ ಹಾಲು, ಅವ್ವನಿಗೆ ಟೀ

ಅವ್ವ ಬಿದ್ದಿದ್ದು ಕೊಟ್ಟಿಗೆಯಲ್ಲಿ. ಬೆಳಿಗ್ಗೆ ಆರೂವರೆ ಇರಬೇಕು. ಹಾಲು ಕರೆದು ಎದ್ದು ನಿಂತವಳು ಗೋಡೆ ಹಿಡಿಯೋಕೆ ಹೋಗಿ ಹಾಗೇ ಕುಸಿದಳು. ನಾವು ಓಡಿಹೋಗಿ ಹಿಡಿದುಕೊಂಡಾಗ ಅವಳು ಮೊದಲು ಕೇಳಿದ್ದು, "ಹಾಲು ಚೆಲ್ತಾ?"

ಹಾಲು ಚೆಲ್ಲಿರಲಿಲ್ಲ. ಅಪ್ಪ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟರು. ತಡವಾದರೆ ತಗೊಳ್ಳಲ್ಲ, ಏನು ಮಾಡೋದು.

ಮಾಯಸಂದ್ರದ ಸುತ್ತಮುತ್ತ ಇರುವವರಿಗೆ ನಮ್ಮ ಮನೆ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದಿಷ್ಟು ತೆಂಗಿನ ತೋಟ, ಎರಡು ಸೀಮೆಹಸು, ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ, ತಿಪಟೂರು ಮಾರ್ಕೆಟ್ಟಿನ ರೇಟು ಏರಿತಾ ಇಳೀತಾ ಅನ್ನುವ ಮಾತು. ಮೊದಲಿನಿಂದಲೂ ಸಸ್ಯಾಹಾರದ ಮನೆ, ಮೊಟ್ಟೆಯೂ ಒಳಗೆ ಬರಲ್ಲ. ಹಾಗಾಗಿ ಅವ್ವನಿಗೆ ಸುಸ್ತು ಅಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಿದ್ದ ಮಾತು ಒಂದೇ: "ನೀವು ಅದೂ ತಿನ್ನಲ್ಲ, ಇದೂ ತಿನ್ನಲ್ಲ, ಶಕ್ತಿ ಎಲ್ಲಿಂದ ಬರ್ಬೇಕು?" ನಾವೂ ಅದನ್ನೇ ನಂಬಿದ್ದೆವು.

ಅವ್ವ ಸುಸ್ತು ಅನ್ನೋಕೆ ಶುರು ಮಾಡಿ ಎರಡು ವರ್ಷವಾಗಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಕಾಯಿ ಆರಿಸೋಕೆ ಬಗ್ಗಿದರೆ ಕಣ್ಣು ಕತ್ತಲೆ, ಸಂಜೆ ಹೊತ್ತಿಗೆ ಪಾದವೆಲ್ಲ ಜೋಮು. ಕೇಳಿದರೆ "ಏನಿಲ್ಲ ಬುಡ್ರಪ್ಪ, ವಯಸ್ಸಾಯ್ತಲ್ಲ" ಅನ್ನೋಳು. ವಯಸ್ಸು ನಲವತ್ತಾರು. ನಾವು ಮಾಡಿದ ಘನಕಾರ್ಯ ಅಂದರೆ ಪೇಟೆಯ ನೆಂಟರೊಬ್ಬರು ಹೇಳಿದರು ಅಂತ ಸಾವಿರದೆಂಟುನೂರು ರೂಪಾಯಿ ಕೊಟ್ಟು ಶಕ್ತಿ ಪುಡಿಯ ಡಬ್ಬ ತಂದಿದ್ದು. ಜೊತೆಗೆ ರಕ್ತ ಬರುತ್ತೆ ಅಂತ ಬೀಟ್‌ರೂಟ್. ಅದರ ಬಣ್ಣ ಕೆಂಪೇ ಹೊರತು ಅದರಲ್ಲಿರುವ ಕಬ್ಬಿಣದಂಶ ತೀರಾ ಕಡಿಮೆ ಅಂತ ಆಮೇಲೆ ಗೊತ್ತಾಯಿತು.

ಬಿದ್ದ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.9 ಬಂತು. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. 8ಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ. ಅಂದರೆ ಅವ್ವ ಎರಡು ವರ್ಷ ಅರ್ಧಂಬರ್ಧ ರಕ್ತದಲ್ಲಿ ಹಾಲು ಕರೆದಿದ್ದಾಳೆ, ಹುಲ್ಲು ಹೊತ್ತಿದ್ದಾಳೆ, ನಮಗೆ ಮುದ್ದೆ ತೊಳೆಸಿದ್ದಾಳೆ. ಒಂದೆರಡು ಸಲ ನಾವೇ ಅವಳಿಗೆ "ಸೋಮಾರಿ ಆಗ್ಬಿಟ್ಟೆ ಕಣವ್ವ" ಅಂತ ತಮಾಷೆಯನ್ನೂ ಮಾಡಿದ್ದೆವು.

ಡಾಕ್ಟರಮ್ಮ ಕೇಳಿದ ಒಂದು ಪ್ರಶ್ನೆಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. "ಇವರು ದಿನಾ ಏನು ತಿಂತಾರೆ? ಎಷ್ಟೊತ್ತಿಗೆ?" ಅಪ್ಪ ನಮ್ಮ ಮುಖ ನೋಡಿದರು, ನಾವು ಅಪ್ಪನ ಮುಖ. ಮನೆಯವರೆಲ್ಲ ತಿನ್ನೋದನ್ನೇ ತಿಂತಾಳೆ ಅಂದುಕೊಂಡಿದ್ದೆವು. ಅವಳು ಉಣ್ಣೋದನ್ನ ಯಾರೂ ನೋಡಿರಲಿಲ್ಲ. ಪತ್ರಿಕೋದ್ಯಮ ಓದಿ ಊರೂರ ಸುದ್ದಿ ಬರೆಯುವ ನಮಗೆ ನಮ್ಮ ಅಡುಗೆಮನೆಯ ಸುದ್ದಿ ತಿಳಿದಿರಲಿಲ್ಲ.

ಮಾರನೇ ದಿನ ಕೂತು ನೋಡಿದೆವು, ಬರೆದುಕೊಂಡೆವು. ಬೆಳಿಗ್ಗೆ ಐದೂವರೆಗೆ ಒಂದು ಲೋಟ ಟೀ. ಹಾಲು ಹಾಕಿ ಬಂದ ಮೇಲೆ ಇನ್ನೊಂದು, ಜೊತೆಗೆ ಎರಡು ಬಿಸ್ಕತ್ತು. ಎಲ್ಲರ ತಿಂಡಿ ಮುಗಿದು ಹತ್ತೂವರೆಯ ಮೇಲೆ ಪಾತ್ರೆ ತಳದ ಚಿತ್ರಾನ್ನ, ಅದರ ಹಿಂದೆಯೇ ಟೀ. ಮಧ್ಯಾಹ್ನ ಮೂರು ಗಂಟೆಗೆ ಅನ್ನ, ಮೇಲೆ ತಿಳಿ ಸಾರು. ಕಾಳೆಲ್ಲ ಮೊದಲೇ ನಮ್ಮ ತಟ್ಟೆಗೆ ಬಿದ್ದಿತ್ತು. ನಾಲ್ಕಕ್ಕೆ ಮತ್ತೆ ಟೀ. ರಾತ್ರಿ ಮುದ್ದೆ ಉಳಿದರೆ ಅರ್ಧ ಮುದ್ದೆ, ಇಲ್ಲದಿದ್ದರೆ ಅನ್ನಕ್ಕೆ ಉಪ್ಪಿನಕಾಯಿ. ಮಜ್ಜಿಗೆ ಇತ್ತು, ಆದರೆ ಅದು ಮೊಸರಿನ ಪಾತ್ರೆ ತೊಳೆದ ನೀರಿಗಿಂತ ಸ್ವಲ್ಪ ಬೆಳ್ಳಗಿತ್ತು ಅಷ್ಟೇ.

ಅದೇ ದಿನ ನಮ್ಮ ಎರಡು ಹಸು ಎರಡು ಹೊತ್ತಿಗೆ ಕೊಟ್ಟ ಹಾಲು ಹನ್ನೆರಡು ಲೀಟರು. ಮನೆಗೆ ಇಟ್ಟುಕೊಂಡಿದ್ದು ಮುಕ್ಕಾಲು ಲೀಟರು. ಟೀಗೆ, ಅಪ್ಪನ ಮೊಸರಿಗೆ.

ಚಿಕ್ಕಪ್ಪನ ಮಗಳು ಸರ್ಕಾರಿ ಶಾಲೆಗೆ ಹೋಗ್ತಾಳೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಅವಳಿಗೆ ಶಾಲೆಯಲ್ಲಿ ಹಾಲು ಸಿಗುತ್ತೆ, 2024ರಿಂದ ಆ ಹಾಲಿಗೆ ರಾಗಿ ಮಾಲ್ಟ್ ಕೂಡ ಬೆರೆಸಿ ಕೊಡ್ತಾರೆ. ಒಳ್ಳೆಯದೇ. ಆದರೆ ಆ ಹಾಲು ಕರೆದವಳ ಲೋಟಕ್ಕೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕುವ ಯೋಜನೆ ಯಾವುದೂ ಇಲ್ಲ. ಅದನ್ನ ಮನೆಯವರೇ ಹಾಕಬೇಕು.

ಹಾಲಿನ ಮಾತು ಯಾಕೆ ಇಷ್ಟು ಅಂದರೆ, ಬಿ12 ಅನ್ನುವ ಜೀವಸತ್ವ ಯಾವ ಸೊಪ್ಪಲ್ಲೂ ಕಾಳಲ್ಲೂ ಸಿಗಲ್ಲ. ಅದಿರೋದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಮೊಟ್ಟೆ ತಿನ್ನುವವರಿಗೆ ದಾರಿ ಸ್ವಲ್ಪ ಸುಲಭ. ನಮ್ಮಂಥವರಿಗೆ ಹಾಲು ಮೊಸರು ಬಿಟ್ಟರೆ ಬೇರೆ ದಾರಿಯಿಲ್ಲ. ದಿನಕ್ಕೆ ಬೇಕಾಗುವ ಬಿ12 ಹೆಚ್ಚುಕಡಿಮೆ ಅರ್ಧ ಲೀಟರ್ ಹಾಲು ಅಥವಾ ಮೊಸರಿನಲ್ಲಿದೆ. ಇದು ಕಡಿಮೆಯಾದರೆ ಒಂದೇ ದಿನಕ್ಕೆ ಗೊತ್ತಾಗಲ್ಲ. ಮೈಯಲ್ಲಿರುವ ದಾಸ್ತಾನು ಕರಗೋಕೆ ವರ್ಷಗಳೇ ಬೇಕು. ಆಮೇಲೆ ಸುಸ್ತು, ಮರೆವು, ಕಾಲು ಜೋಮು ಹಿಡಿಯೋದು ಒಂದೊಂದೇ ಶುರು. ಅವ್ವನ ಪಾದದ ಜೋಮು ಕೇಳಿಯೇ ಡಾಕ್ಟರಮ್ಮ ಆ ಪರೀಕ್ಷೆಯನ್ನೂ ಬರೆದಿದ್ದು. ಅದೂ ಕಡಿಮೆ ಬಂತು. ಅದಕ್ಕೆ ಇಂಜೆಕ್ಷನ್ ಕೊಟ್ಟರು.

ಇನ್ನು ಕಬ್ಬಿಣ. ಸಸ್ಯಾಹಾರದಲ್ಲಿ ಕಬ್ಬಿಣವೇ ಇಲ್ಲ ಅನ್ನೋದು ಸುಳ್ಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಮೂ ಇಲ್ಲ. ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂ ದಾಟುತ್ತೆ. ಹುರುಳಿಯಲ್ಲಿ ಎಂಟಕ್ಕೂ ಜಾಸ್ತಿ, ಜೊತೆಗೆ ಪ್ರೋಟೀನ್ ಸುಮಾರು 22 ಗ್ರಾಂ. ಸಾವಿರದೆಂಟುನೂರರ ಡಬ್ಬದಲ್ಲಿ ನಾವು ಹುಡುಕುತ್ತಿದ್ದ ಪ್ರೋಟೀನು ಅಟ್ಟದ ಕೆಳಗಿನ ಹುರುಳಿ ಚೀಲದಲ್ಲಿತ್ತು. ಆ ಹುರುಳಿ ಹಸುವಿಗೆ ಅಂತ ಇಟ್ಟಿದ್ದು!

ಆದರೆ ಗಿಡದಿಂದ ಬರುವ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸಲೀಸಾಗಿ ಮೈಗೆ ಹತ್ತಲ್ಲ ಅನ್ನೋದು ನಿಜ. ಊಟದ ಜೊತೆ, ಊಟ ಆದ ತಕ್ಷಣ ಟೀ ಕುಡಿದರೆ ಅದು ಹತ್ತೋದು ಇನ್ನೂ ಕಡಿಮೆ. ಹುಳಿಹಣ್ಣು ಸೇರಿದರೆ ಜಾಸ್ತಿ. ಹಾಗಾಗಿ ಸಾರು ಒಲೆಯಿಂದ ಇಳಿಸಿದ ಮೇಲೆ ತಟ್ಟೆಗೇ ನಿಂಬೆ ಹಿಂಡೋದು ಶುರು ಮಾಡಿದೆವು. ಕುದಿಯುವ ಸಾರಿಗೆ ಹಿಂಡಿದರೆ ಸಿ ಜೀವಸತ್ವ ಒಂದಷ್ಟು ಹಾಳಾಗುತ್ತೆ. ನಿಂಬೆ ಇಲ್ಲದ ದಿನ ಹಿತ್ತಲ ಸೀಬೆಹಣ್ಣು. ಕಿತ್ತಳೆಗಿಂತ ಅದರಲ್ಲಿ ಸಿ ಜೀವಸತ್ವ ಹಲವು ಪಟ್ಟು ಹೆಚ್ಚು, ನಾವು ಅದನ್ನ ಗಿಳಿಗಳಿಗೆ ಬಿಟ್ಟಿದ್ದೆವು. ಹುರುಳಿ, ರಾಗಿ ಎರಡೂ ಮೊಳಕೆ ಬರಿಸಿದರೆ ಕಬ್ಬಿಣ ಇನ್ನಷ್ಟು ಹತ್ತುತ್ತೆ. ಮೊಳಕೆ ಹುರುಳಿ ಸಾರು ನಮ್ಮ ಕಡೆಗೆ ಹೊಸದೇನಲ್ಲ. ಕೆಲಸ ಜಾಸ್ತಿ ಅಂತ ಅವ್ವ ಬಿಟ್ಟಿದ್ದಳು, ಈಗ ನೆನೆಹಾಕಿ ಬಟ್ಟೆ ಕಟ್ಟೋದು ನಮ್ಮ ಪಾಲಿನ ಕೆಲಸ.

ಈ ಊಟ ಮನೆಯಿಂದ ಯಾವಾಗ ಜಾರಿತು ಅಂತ ಅಪ್ಪನ ಹತ್ತಿರ ಕೇಳಿದೆವು. ಅಜ್ಜನ ಕಾಲದಲ್ಲಿ ಈಗಿನ ತೋಟದ ಅರ್ಧ ರಾಗಿ ಹೊಲವಾಗಿತ್ತಂತೆ. ಇಂಡಾಫ್ ರಾಗಿ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಮಾಡಿದ ತಳಿ ಅದು. ರಾಗಿ ನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಕಳೆ ಕೀಳೋಕೆ ಹೋದ ಹೆಂಗಸರ ಮಡಿಲಲ್ಲಿ ಅಣ್ಣೆಸೊಪ್ಪು, ಹೊನಗೊನ್ನೆ ಸೊಪ್ಪು ಮನೆಗೆ ಬರೋದು. ಸಂಜೆಗೆ ಬೆರಕೆ ಸೊಪ್ಪಿನ ಸಾರು. ತೆಂಗು ಹಾಕಿದ ಮೇಲೆ ರಾಗಿ ಹೋಯಿತು, ರಾಗಿ ಜೊತೆ ಅಕ್ಕಡಿ ಕಾಳು ಹೋಯಿತು, ಕಳೆನಾಶಕ ಬಂದ ಮೇಲೆ ಸೊಪ್ಪೂ ಹೋಯಿತು. ತೆಂಗನ್ನ ಬೈಯೋಕೆ ಆಗಲ್ಲ, ನಮ್ಮನ್ನ ಓದಿಸಿದ್ದು ಅದೇ. ಕೊಬ್ಬರಿ ಬೆಲ್ಲ ತಿಂದರೆ ಶಕ್ತಿ ಬರೋದೂ ನಿಜವೇ, ಆದರೆ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಆ ಹೊತ್ತಿನ ಹಸಿವಿಗೆ ಆಗುತ್ತೆ, 7.9 ಇದ್ದ ರಕ್ತಕ್ಕೆ ಅದೊಂದೇ ಸಾಲಲ್ಲ.

ಇನ್ನೊಂದು ವಿಷಯವನ್ನ ಮನೆಗಳಲ್ಲಿ ಯಾರೂ ಬಾಯಿ ಬಿಡಲ್ಲ, ಅದಕ್ಕೇ ಬರೀತಿದ್ದೀವಿ. ಅವ್ವನಿಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ವರ್ಷದಿಂದ. ಡಾಕ್ಟರಮ್ಮ ನಮ್ಮನ್ನೆಲ್ಲ ಹೊರಗೆ ಕಳಿಸಿ, ಅಕ್ಕನನ್ನು ಮಾತ್ರ ಒಳಗೆ ಇಟ್ಟುಕೊಂಡು ಕೇಳಿದ ಮೇಲೆ ಇದು ಹೊರಬಂತು. ತೂತಾದ ಕೊಡಕ್ಕೆ ಎಷ್ಟು ನೀರು ಸುರಿದರೇನು? ಅದಕ್ಕೆ ಬೇರೆ ಚಿಕಿತ್ಸೆ ನಡೆಯಿತು. ಬರಿಗಾಲಲ್ಲಿ ತೋಟ ತಿರುಗೋದನ್ನೂ ಕೇಳಿದರು. ಕೊಕ್ಕೆಹುಳು ಮಣ್ಣಿಂದ ಪಾದದ ಚರ್ಮ ಕೊರೆದು ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತಂತೆ. ಹುಳದ ಮಾತ್ರೆ ಕೊಟ್ಟರು, ಚಪ್ಪಲಿ ಹಾಕಿಸಿದರು. ಸುಸ್ತಿಗೆ ಥೈರಾಯ್ಡ್, ಸಕ್ಕರೆ ಕಾಯಿಲೆ ಕೂಡ ಕಾರಣ ಆಗಬಹುದು, ಅವನ್ನೂ ನೋಡಿದರು. ಅವು ಸರಿಯಿದ್ದವು.

ಕಬ್ಬಿಣದ ಮಾತ್ರೆಯನ್ನ ಆಶಾ ಅಕ್ಕ ಹಿಂದೆಯೇ ಕೊಟ್ಟಿದ್ದರು. ಅವ್ವ ಎರಡು ದಿನ ನುಂಗಿ, ಮಲ ಕಪ್ಪಗಾಯ್ತು ಅಂತ ಹೆದರಿ ಪಟ್ಟಿಯನ್ನ ದೇವರ ಗೂಡಿನ ಹಿಂದೆ ಇಟ್ಟುಬಿಟ್ಟಿದ್ದಳು. ಆ ಮಾತ್ರೆಗೆ ಮಲ ಕಪ್ಪಾಗೋದು ಸಹಜ ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದ ಮೇಲೆ ತಗೊಳ್ಳಿ, ಟೀ ಜೊತೆಗೂ ಹಾಲಿನ ಜೊತೆಗೂ ಬೇಡ ಅಂದರು. 7.9 ಇರುವವರು ಬರೀ ಸೊಪ್ಪು ತಿಂದು 12ಕ್ಕೆ ಏರಲ್ಲ, ಮಾತ್ರೆ ಬೇಕೇ ಬೇಕು. ಊಟ ಇರೋದು ಏರಿದ್ದು ಮತ್ತೆ ಇಳಿಯದಿರಲಿ ಅಂತ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ ಇತ್ತು. ಅವರೆಲ್ಲ ಸಸ್ಯಾಹಾರಿಗಳಲ್ಲ. ಬಾಡೂಟದ ಮನೆಯಲ್ಲೂ ತುಂಡು ಕೊನೆಗೆ ಯಾರ ತಟ್ಟೆಗೆ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತು.

ಹಾಲಿನ ವಿಷಯಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಅವ್ವನಿಗೆ ಅಂತ ದಿನಾ ಅರ್ಧ ಲೀಟರ್ ತೆಗೆದಿಡೋಣ ಅಂದೆವು. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ತಿಂಗಳಿಗೆ ಐನೂರು ರೂಪಾಯಿ ಹೋಯ್ತದೆ, ಹಿಂಡಿ ಮೂಟೆ ರೇಟು ನೋಡಿದೀರಾ?" ನಾವು ಒಳಗೆ ಹೋಗಿ ಅರ್ಧ ಖಾಲಿಯಾದ ಪುಡಿ ಡಬ್ಬ ತಂದು ಜಗಲಿ ಮೇಲೆ ಇಟ್ಟೆವು. ಅಪ್ಪ ಅದರ ಮೇಲಿನ ರೇಟು ಓದಿದರು. ಏನೂ ಮಾತಾಡಲಿಲ್ಲ. ಆದರೆ ಜಗಳದಲ್ಲಿ ಅಪ್ಪನಿಗಿಂತ ಜೋರಾಗಿ ಎದುರು ನಿಂತವಳು ಅವ್ವನೇ. "ನಂಗ್ಯಾಕೆ ಹಾಲು, ನಾನೇನು ಬಾಣಂತಿನಾ?"

ಮೂರು ತಿಂಗಳಾದ ಮೇಲೆ ನೋಡಿಸಿದಾಗ 10.6 ಇತ್ತು. ಹನ್ನೆರಡು ಇನ್ನೂ ಮುಟ್ಟಿಲ್ಲ. ಮೆಟ್ಟಿಲು ನಿಲ್ಲದೆ ಹತ್ತುತ್ತಾಳೆ. ಜೋಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬೆಳಗಿನ ತಿಂಡಿ ಈಗ ಎಂಟೂವರೆಗೆ ಎಲ್ಲರ ಜೊತೆಯಲ್ಲೇ. ಅವಳು ಕೂರದೆ ನಾವು ತಟ್ಟೆಗೆ ಕೈ ಹಾಕಲ್ಲ ಅಂತ ಹಟ ಹಿಡಿದ ಮೇಲೆ ಬೈಕೊಂಡು ಬಂದು ಕೂರ್ತಾಳೆ. ಟೀ ಬಿಡಿಸೋಕೆ ನಮ್ಮಿಂದ ಆಗಲಿಲ್ಲ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಅನ್ನೋದಕ್ಕೆ ಮಾತ್ರ ಒಪ್ಪಿದ್ದಾಳೆ, ಗಡಿಯಾರ ನೋಡ್ತಾ ಕಾಯ್ತಾಳೆ.

ಹಾಲು ಈಗ ಅಪ್ಪ ಕರೀತಾರೆ. ಕ್ಯಾನಿಗೆ ಸುರಿಯೋ ಮೊದಲು ಅರ್ಧ ಲೀಟರ್ ಅಳತೆಗೆ ತೆಗೆದು ಅಡುಗೆಮನೆ ಗೂಡಲ್ಲಿ ಇಟ್ಟು ಮುಚ್ಚಿ ಹೋಗ್ತಾರೆ. ಮೊನ್ನೆ ಅವ್ವ ಅದನ್ನ ಯಾರಿಗೂ ಕಾಣದಂಗೆ ವಾಪಸ್ ಕ್ಯಾನಿಗೆ ಸುರೀತಿದ್ದಾಗ ಸಿಕ್ಕಿಹಾಕಿಕೊಂಡಳು.