ಇಳಕಲ್‌ನ ಕೊಂಡಿ
ಅಮ್ಮನಿಗೆ ಸೀರೆ ತರೋಣ ಅಂತ ಬಾಗಲಕೋಟೆ ಜಿಲ್ಲೆಯ ಇಳಕಲ್‌ಗೆ ಹೋಗಿದ್ದೆ. ಬೀದಿಯಲ್ಲೆಲ್ಲ ಪವರ್‌ಲೂಮ್ ಸದ್ದು, ಕೈಮಗ್ಗ ಹುಡುಕಬೇಕು. ಸಿಕ್ಕ ಮನೆಯೊಂದರಲ್ಲಿ ಅಜ್ಜಿ ಕೊಂಡಿ ಹಾಕುತ್ತಿದ್ದರು. ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕುಣಿಕೆ ಹಾಕಿ ಬೆಸೆಯೋದು. ಇಳಕಲ್ ಸೀರೆಯ ಗುರುತೇ ಅದು. ಪಕ್ಕದಲ್ಲಿ ಮೊಮ್ಮಗಳು ಕಲೀತಿದ್ದಳು. ತಪ್ಪಿದರೆ ಅಜ್ಜಿ ಬಿಚ್ಚಿಸೋರು.

“ತಮ್ಮಾ, ನಿಂದೇನು ಕೆಲಸಾ?”

ಕೋಡ್ ಈಗ ಎಐ ಬರೆಯುತ್ತೆ, ನಾನು ನೋಡಿ ಓಕೆ ಒತ್ತೋದು ಅಂದೆ.

“ತಪ್ಪಿದ್ರ ಗೊತ್ತಾಗ್ತದೇನು?”

ನನಗೆ ಗೊತ್ತಾಗುತ್ತೆ, ಎಂಟು ವರ್ಷ ಕೈಯಾರೆ ಬರೆದಿದ್ದೇನಲ್ಲ. ನಮ್ಮ ಟೀಮಿನ ಫ್ರೆಶರ್‌ಗೆ? ಅವಳು ಮೊದಲ ದಿನದಿಂದಲೂ ಓಕೆ ಒತ್ತೋದೇ.

ಸೋಮವಾರ ಅವಳಿಗೆ ಒಂದು ಸಣ್ಣ ಮಾಡ್ಯೂಲ್ ಎಐ ಇಲ್ಲದೆ ಬರೆಯಲು ಕೊಟ್ಟೆ. ಎರಡು ದಿನ ತಡವಾಯ್ತು. ಮ್ಯಾನೇಜರ್ ಇನ್ನೂ ಮುಖ ಗಂಟಿಕ್ಕಿಕೊಂಡೇ ಇದ್ದಾರೆ.